ಬುಡನ್ ಸಾಬರನ್ನು ಯಾರೂ ಕರೆಯಲಿಲ್ಲ

ಇಸ್ಲಾಂ ಅಪಾಯದಲ್ಲಿದೆ ಎಂದು ಒಬ್ಬ, ಇಸ್ಲಾಮಿನಿಂದಲೇ ಅಪಾಯ ಎಂದು ಇನ್ನೊಬ್ಬ, ಬಂಗಾರಪೇಟೆಯ ಒಂದೇ ಸರ್ಕಲ್ಲಿನಲ್ಲಿ, ಒಂದೇ ಅಂಗಡಿಯಿಂದ ಬಾಡಿಗೆಗೆ ತಂದ ಮೈಕಿನಲ್ಲಿ, ಒಂದು ವಾರದ ಅಂತರದಲ್ಲಿ ಕಿರುಚಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಬ್ಬರೂ ಭಾಷಣದಲ್ಲಿ ಒಬ್ಬನೇ ಮನುಷ್ಯನ ಹೆಸರು ಹೇಳಿದರು. ಆ ಮನುಷ್ಯ ಬುಡನ್ ಸಾಬ್. ಆ ಇಬ್ಬರಲ್ಲಿ ಒಬ್ಬನೂ ಅವರ ಮನೆಯ ಚಾಪೆಯ ಮೇಲೆ ಕೂತು ಒಂದು ಲೋಟ ಚಹಾ ಕುಡಿದವನಲ್ಲ. ನಾನು ಕುಡಿದವನು. ಆದ್ದರಿಂದ ನನ್ನ ಪಾಪ ಅವರದಕ್ಕಿಂತ ದೊಡ್ಡದು. ಅದನ್ನೂ ಹೇಳಿಯೇ ಮುಗಿಸುತ್ತೇನೆ.

ಬುಡನ್ ಸಾಬ್ ಹುಟ್ಟಿದ್ದು ಉರಿಗಾಂನ ಲೈನ್ ಮನೆಯಲ್ಲಿ. ತಂದೆ ಕೆಜಿಎಫಿನ ಚಿನ್ನದ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದವರು. ಚಾಂಪಿಯನ್ ರೀಫ್ಸಿನ ಗುಂಡಿಗೆ ಕೇಜಿನಲ್ಲಿ ಇಳಿಯುವಾಗ ಪಕ್ಕದವನು ಮುರುಗಾ ಎಂದರೆ ಇವರು ಯಾ ಅಲ್ಲಾ ಎನ್ನುತ್ತಿದ್ದರಂತೆ. ಕೆಳಗಿನ ದೂಳು ಮಾತ್ರ ಯಾರ ದೇವರನ್ನೂ ವಿಚಾರಿಸದೆ ಎಲ್ಲರ ಎದೆಗೂ ಇಳಿಯಿತು. ತಂದೆ ನಲವತ್ತೈದಕ್ಕೇ ಕೆಮ್ಮಿ ಕೆಮ್ಮಿ ಹೋದ ಮೇಲೆ ಬುಡನ್ ಸಾಬ್ ಬಂಗಾರಪೇಟೆಯಲ್ಲಿ ಮಾಂಸದಂಗಡಿ ಇಟ್ಟಿದ್ದ ಸೋದರಮಾವನ ಮನೆ ಸೇರಿ ಕತ್ತಿ ಹಿಡಿಯುವುದನ್ನು ಕಲಿತರು.

ಬಿಳಿ ದೊರೆಗಳು ಹೋಗುವಾಗ ಚಿನ್ನ ಒಯ್ದರು, ಪಟ್ಟಿ ಬಿಟ್ಟು ಹೋದರು. ಇಂಥ ಜಾತಿಯವರು ಇಷ್ಟು ತಲೆ, ಇಂಥ ಧರ್ಮದವರು ಇಷ್ಟು ತಲೆ ಎಂಬ ಪಟ್ಟಿ. ನಮ್ಮವರು ಆ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಓಟಿಗೆ ಇಟ್ಟುಕೊಂಡರು. ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷವಾದರೂ ಬುಡನ್ ಸಾಬ್ ಎಂಬ ಮನುಷ್ಯನಿಗೆ ಆ ಪಟ್ಟಿಯಿಂದ ಇಳಿದು ಬರಲಾಗಲಿಲ್ಲ. ಒಬ್ಬನಿಗೆ ಅವರು ಬುಟ್ಟಿಯೊಳಗಿನ ಓಟು, ಇನ್ನೊಬ್ಬನಿಗೆ ಓಟು ತರುವ ಗುಮ್ಮ.

ನಮ್ಮ ಬಂಡಪಲ್ಲಿಗೆ ಮಾತ್ರ ಅವರು ಬುಡನ್ ಸಾಬ್ ಆಗಿದ್ದರು. ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ಬಸ್ಸು ನಮ್ಮೂರಿನ ಮೇಲೆ ಹಾದುಹೋಗುತ್ತದೆ. ಎಪ್ಪತ್ತು ಮನೆ, ಒಂದೂ ಸಾಬರ ಮನೆಯಿಲ್ಲ. ಊರಿನಲ್ಲಿ ಕುರಿ ಕೊಯ್ಯುವುದಕ್ಕೆ ಎರಡು ಪದ್ಧತಿ. ಗಂಗಮ್ಮನಿಗೆ ಹರಕೆ ಬಿಟ್ಟ ಕುರಿಯನ್ನು ಊರಿನವನೇ ಒಂದೇ ಏಟಿಗೆ ಕಡಿಯಬೇಕು. ಅದಕ್ಕೆ ಮುಂಚೆ ಕುರಿಯ ಮೇಲೆ ನೀರು ಹಾಕುತ್ತಾರೆ. ಅದು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದರ್ಥ. ಒದರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಆದರೆ ತಿನ್ನುವ ಕುರಿಯ ದಾರಿ ಬೇರೆ. ಮದುವೆಯ ಬೀಗರೂಟಕ್ಕೆ, ಯುಗಾದಿಯ ಮಾರನೆಯ ದಿನದ ವರ್ಷತೊಡಕಿಗೆ ಕೊಯ್ಯುವುದು ಸಾಬರ ಕೆಲಸ. ಹೀಗೇಕೆ ಎಂದು ನಮ್ಮಜ್ಜನನ್ನು ಕೇಳಿದರೆ, "ಅವ್ರು ಕೊಯ್ದ್ರೆ ರಕ್ತ ಪೂರಾ ಓಗ್ತದೆ ಕಣ್ಲಾ, ಬಾಡು ಮೆತ್ತಗಿರ್ತದೆ" ಎನ್ನುತ್ತಿದ್ದ. ನಮ್ಮ ಧರ್ಮಶಾಸ್ತ್ರ ಅಷ್ಟೇ, ನಾಲಗೆಯ ಮೇಲೆ ನಿಂತದ್ದು.

ನಲವತ್ತು ವರ್ಷ ವರ್ಷತೊಡಕಿನ ಬೆಳಗ್ಗೆ ಮೊದಲನೆಯ ಬಸ್ಸಿಗೆ ಬುಡನ್ ಸಾಬ್ ಇಳಿಯುತ್ತಿದ್ದರು. ದೇವರ ತಲೆಯ ಮೇಲೆ ಹೂ ತಪ್ಪಿದರೂ ಅವರು ಬರುವುದು ತಪ್ಪುತ್ತಿರಲಿಲ್ಲ. ಒಂದು ಕುರಿಯನ್ನು ಇನ್ನೊಂದು ನೋಡದ ಹಾಗೆ ಮರೆಗೆ ಒಯ್ದು, ನೀರು ಕುಡಿಸಿ, ಕುತ್ತಿಗೆ ನೇವರಿಸಿ, ಕಣ್ಣು ಮುಚ್ಚಿ, ಅದು ಪೂರ್ತಿ ಸಮಾಧಾನವಾದ ಮೇಲೆಯೇ ಕತ್ತಿ. ಏನು ಓದುತ್ತೀರಿ ಸಾಬ್ರೇ ಎಂದು ಒಮ್ಮೆ ಕೇಳಿದ್ದೆ. "ದೇವ್ರೇ, ನಿನ್ ಎಸ್ರಲ್ಲಿ ಜೀವ ತಗೀತಾ ಇವ್ನಿ, ನನ್ ಸ್ವಂತ ಸಿಟ್ಟಿಗಲ್ಲ ಅಂತ ಏಳ್ತೀನಿ ಮೇಷ್ಟ್ರೇ" ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಇಷ್ಟು ಸಲೀಸಾಗಿ ಯಾವ ಧರ್ಮವನ್ನೂ ವಿವರಿಸಲು ಬಂದಿಲ್ಲ.

ಕೊಯ್ದದ್ದಕ್ಕೆ ಒಂದು ತಲೆ, ಎಲ್ಲ ಚರ್ಮ ಅವರಿಗೆ ಸೇರಬೇಕು. ಅದು ಕೂಲಿಯಲ್ಲ, ಹಕ್ಕು. ಹಕ್ಕಿನ ಜೊತೆಗೆ ಕೋದಂಡಪ್ಪನ ಜಗಲಿಯಲ್ಲಿ ಊಟ. ಕೋದಂಡಪ್ಪ ನಮ್ಮೂರಿನ ಹಿರಿಯ, ಡೈರಿಯ ಅಧ್ಯಕ್ಷ. ತೊಡಕಿಗೆ ವಾರ ಇರುವಾಗ ಬುಡನ್ ಸಾಬರಿಗೆ "ಬಾರಯ್ಯಾ ಸಾಬಿ" ಎಂದು ಹೇಳಿಕಳಿಸುವುದು ಅವನ ಮನೆತನದ ಕೆಲಸ. ಅಪ್ಪ ಕರೆಯುತ್ತಿದ್ದ, ಮಗನೂ ಕರೆಯುತ್ತಿದ್ದ. ಆ ಕರೆ ಬಂದರೆ ಬುಡನ್ ಸಾಬ್ ಬಂಡಪಲ್ಲಿಯವರು. ಬರದಿದ್ದರೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಒಬ್ಬ ಮುದಿ ಕಸಾಯಿ, ಅಷ್ಟೇ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ವರ್ಷ ಯುಗಾದಿಗೆ ಮುಂಚೆ ರಾಜ್ಯವೆಲ್ಲ ಹಲಾಲ್ ಹಲಾಲ್ ಎಂದು ಗಂಟಲು ಹರಿದುಕೊಳ್ಳುತ್ತಿತ್ತು. ನಮ್ಮ ಪಾಲಿಗೆ ಆ ಗಂಟಲು ಕಾಂತರಾಜ್‌ದು. ಬಂಗಾರಪೇಟೆಯ ಸಿಮೆಂಟ್ ವ್ಯಾಪಾರಿಯ ಮಗ, ಅಷ್ಟರಲ್ಲಿ ಮೂರು ಪಕ್ಷ ಕಂಡವನು. ಎರಡನೆಯ ಪಕ್ಷದಲ್ಲಿದ್ದಾಗ ಬಿಳಿ ಟೋಪಿ ಹಾಕಿಕೊಂಡು ಇಫ್ತಾರಿನಲ್ಲಿ ಖರ್ಜೂರ ತಿನ್ನುವ ಅವನ ಫೋಟೊ ಪೇಟೆಯ ಕಂಬಕಂಬಕ್ಕೂ ನೇತಾಡುತ್ತಿತ್ತು. ಮೂರನೆಯ ಪಕ್ಷಕ್ಕೆ ಬಂದ ಮೇಲೆ ಹಿಂದೂ ಧರ್ಮ ಉಳಿಸುವ ಕೆಲಸ ಅವನ ತಲೆಗೆ ಬಿತ್ತು. ಡೈರಿಯಲ್ಲಿ ಸಭೆ ಕರೆದು, "ಈ ಸಲ ಬಂಡಪಲ್ಲೀಲಿ ನಮ್ಮ ಪದ್ಧತಿ. ಕುರಿ ನಾವೇ ತತ್ತೀವಿ, ನಾವೇ ಕಡೀತೀವಿ. ಸಾಬಿ ಊರೊಳಕ್ಕೆ ಕಾಲಿಡಂಗಿಲ್ಲ" ಎಂದ.

ಎಪ್ಪತ್ತು ಮನೆಯ ಯಜಮಾನರು ಕೂತಿದ್ದೆವು. ಒಬ್ಬನೂ ಯಾಕೆ ಎನ್ನಲಿಲ್ಲ. ಕೋದಂಡಪ್ಪನ ಮಗ ನವನೀತನನ್ನು ಕೆಜಿಎಫಿನ ಒಂದು ಕಾರ್ಖಾನೆಗೆ ಸೇರಿಸುವುದಾಗಿ ಕಾಂತರಾಜ್ ಮಾತು ಕೊಟ್ಟಿದ್ದ, ಆದ್ದರಿಂದ ಕೋದಂಡಪ್ಪನ ಬಾಯಿಗೆ ಬೀಗ. ಉಳಿದವರಿಗೆ ಅದೂ ಬೇಕಿರಲಿಲ್ಲ, ಪುಕ್ಕಟೆಯಾಗಿಯೇ ಮುಚ್ಚಿಕೊಂಡರು. ಸಭೆ ಮುಗಿದ ಮೇಲೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಬಂತು. ಸಾಬರಿಗೆ ಬರಬೇಡಿ ಎಂದು ಹೇಳಬೇಕಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಓದಿದವನು, ನಯವಾಗಿ ಹೇಳುತ್ತಾನೆ ಎಂದು.

ಯುಗಾದಿಯ ಹಿಂದಿನ ದಿನ ಫೋನ್ ಮಾಡಿದೆ.

"ಯುಗಾದಿ ಶುಭಾಶಯ ಸಾಬ್ರೇ" ಎಂದೆ.

"ನಿಮ್ಗೂ ಮೇಷ್ಟ್ರೇ. ಕೋದಂಡಪ್ಪ ಈ ಸಲ ಏಳೇ ಕಳಿಸ್ನಿಲ್ಲ?"

"ಅವ್ರಿಗೆ... ಕೆಲ್ಸ ಜಾಸ್ತಿ."

"ಅಂಗಾರೆ ನಾಳಿದ್ದು ಫಸ್ಟ್ ಬಸ್ಸಿಗೆ ಬರ್ಲಾ?"

"ಬಿಸಿಲು ಜಾಸ್ತಿ ಸಾಬ್ರೇ, ನೋಡ್ಕೊಳ್ಳಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಫೋನ್ ಇಟ್ಟುಬಿಟ್ಟೆ. ಮನೆಯವಳು ಏನಂದ್ರು ಎಂದು ಕೇಳಿದಳು. ಹೇಳಿದ್ದೇನೆ ಎಂದೆ. ಥೂ ನನ್ನ ಮೇಷ್ಟ್ರಗಿರಿಗಿಷ್ಟು.

ತೊಡಕಿನ ಬೆಳಗ್ಗೆ ಅವರು ಬಂದೇ ಬಂದರು. ಆ ವರ್ಷ ಅದೇ ದಿನ ರಂಜಾನಿನ ಮೊದಲ ಉಪವಾಸ ಬೇರೆ. ಬಸ್ಸಿಳಿದು ನೋಡಿದರೆ ಊರ ಬಾಗಿಲಿಗೆ ಹಲಾಲ್ ಬೇಡವೆಂಬ ಬ್ಯಾನರು, ಹದಿನೈದು ಹುಡುಗರು, ಹಣೆತುಂಬ ಕುಂಕುಮ, ಕೈತುಂಬ ಫೋನು. ಬುಡನ್ ಸಾಬ್ ಬ್ಯಾನರನ್ನು ಓದಿದರು, ಬಸ್ಸಿನ ತಂಗುದಾಣಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಹಾಲು ಹಾಕಲು ಹೋಗುವವರು ಅವರನ್ನು ಕಂಡು ಆಚೆ ಬದಿಯಿಂದ ಹೋದರು. ನಾನೂ ಒಂದು ಸಲ ಹಾಗೆಯೇ ಹೋದೆ. ಎರಡನೆಯ ಸಲ ಹತ್ತಿರ ಹೋಗದಿರಲು ಆಗಲಿಲ್ಲ.

"ಬಿಸಿಲು ಅಂದ್ರಲ್ಲ ಮೇಷ್ಟ್ರೇ, ಆಗ್ಲೇ ತಿಳೀತು. ತಿಳ್ಕೊಂಡೇ ಬಂದೆ" ಎಂದರು.

"ಮತ್ತೆ ಯಾಕೆ ಬಂದ್ರಿ?"

"ಕೋದಂಡಪ್ಪ ಬಾ ಅನ್ಲಿ, ಬತ್ತೀನಿ. ಬ್ಯಾಡ ಅನ್ಲಿ, ಓಗ್ತೀನಿ. ಎಲ್ಡ್ರಲ್ಲಿ ಒಂದ್ ಅವ್ನ ಬಾಯಿಂದ್ಲೇ ಆಗ್ಬೇಕು. ಅಲ್ಲೀಗಂಟ ಇಲ್ಲೇ ಕೂತಿರ್ತೀನಿ."

ನಾನು ಹೋಗಿ ಕೋದಂಡಪ್ಪನಿಗೆ ಹೇಳಿದೆ. ಅವನು, "ಆಮ್ಯಾಕೆ ನೋಡಾಣ ಸುಮ್ಕಿರಿ ಮೇಷ್ಟ್ರೇ" ಎಂದು ಕಾಂತರಾಜನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತ.

ಅಲ್ಲಿ ಗಂಗಮ್ಮನ ಗುಡಿಯ ಮುಂದೆ ಧರ್ಮರಕ್ಷಣೆ ಶುರುವಾಗಿತ್ತು. ಹಾರ ಹಾಕಿದ ಟಗರನ್ನು ನಿಲ್ಲಿಸಿ, ಫೋನುಗಳೆಲ್ಲ ಅದರತ್ತ ತಿರುಗಿದ ಮೇಲೆ, ಕಾಂತರಾಜ್ ಅರಿಸಿನದ ನೀರನ್ನು ಒಂದು ಚೊಂಬು ಪೂರ್ತಿ ಅದರ ಬೆನ್ನಿಗೆ ಸುರಿದ. ಗುಡಿಯ ಪೂಜಾರಿ ಮುನಿಯಪ್ಪ ಎದೆ ಬಡಿದುಕೊಂಡ.

"ಅಯ್ಯಯ್ಯೋ, ನೀರ್ ಯಾಕಪ್ಪಾ ಆಕ್ದೆ? ಇದು ತಿನ್ನೋ ಕುರಿ ಅಲ್ವಾ? ನೀರ್ ಬಿದ್ಮ್ಯಾಕೆ ಅಮ್ಮಂದು. ಮೈ ಒದ್ರೋಗಂಟ ಯಾವನೂ ಮುಟ್ಟಂಗಿಲ್ಲ!"

"ಅದೇನ್ ಒದ್ರೋದು?" ಎಂದ ಕಾಂತರಾಜ್.

ಹಿಂದೂ ಪದ್ಧತಿ ಉಳಿಸಲು ಪೇಟೆಯಿಂದ ಕಾರು ಮಾಡಿಕೊಂಡು ಬಂದವನಿಗೆ ಹಿಂದೂಗಳ ಪದ್ಧತಿ ಏನೆಂದೇ ಗೊತ್ತಿರಲಿಲ್ಲ. ಹರಕೆಯ ಕುರಿಗೂ ತೊಡಕಿನ ಕುರಿಗೂ ವ್ಯತ್ಯಾಸ ನಮ್ಮೂರಿನ ಐದು ವರ್ಷದ ಮಗುವಿಗೆ ಗೊತ್ತು. ಬುಡನ್ ಸಾಬರಿಗೆ ಅಂತೂ ಚೆನ್ನಾಗಿ ಗೊತ್ತು. ಹರಕೆಯ ಕುರಿ ಎಂದರೆ ಅವರು ನಲವತ್ತು ವರ್ಷವೂ ಕೈ ಮುಗಿದು ದೂರ ನಿಲ್ಲುತ್ತಿದ್ದರು.

ಟಗರು ಒದರಲಿಲ್ಲ. ಬಿಸಿಲಿಗೆ ನೀರು ಬಿದ್ದದ್ದು ಹಿತವಾಗಿತ್ತೋ ಏನೋ, ನಿಂತಲ್ಲೇ ನಿಂತು ತನ್ನ ಹಾರದ ಚೆಂಡುಹೂಗಳನ್ನು ಒಂದೊಂದಾಗಿ ತಿಂದಿತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮನೆಮನೆಯಲ್ಲಿ ಖಾರ ಅರೆದಿಟ್ಟುಕೊಂಡು ಹೆಂಗಸರು ಕಾಯುತ್ತಿದ್ದರು. ಜೈಕಾರ ಕೂಗಿ ಕೂಗಿ ಹುಡುಗರ ಗಂಟಲು ಒಣಗಿತು. ಒಬ್ಬೊಬ್ಬನೇ ನೆರಳಿಗೆ ಸರಿದ.

ಈ ನಡುವೆ ತಂಗುದಾಣದ ಮುಂದೆ ಒಂದು ಬಿಳಿ ಕಾರು ನಿಂತಿತು. ಇಳಿದವನು ಇಕ್ರಾಮುಲ್ಲಾ. ರಾಬರ್ಟ್‌ಸನ್‌ಪೇಟೆಯಲ್ಲಿ ಸೈಟು ಮಾರುವವನು, ಚುನಾವಣೆ ಹತ್ತಿರ ಬಂದಾಗ ಕೌಮಿನ, ಅಂದರೆ ಇಡೀ ಸಮುದಾಯದ, ನಾಯಕ. ಈತನ ಮನೆಗೆ ಮಾಂಸ ಬರುವುದು ಬೆಂಗಳೂರಿನ ಮಾಲ್‌ನಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು. ಬುಡನ್ ಸಾಬರ ಕತ್ತಿಯ ನೆನಪು ಅವನಿಗೆ ಬಂದದ್ದು ಆ ವಾರವೇ.

"ಏನ್ರೀ ಇದು? ಬೇಡ ಅಂದೋರ ಬಾಗಿಲಲ್ಲಿ ಕೂತು ಕೌಮಿನ ಮಾನ ಕಳೀತಿದ್ದೀರಲ್ಲ. ಅವರ ದೇವಿ ಮುಂದೆ ನಿಮಗೇನು ಕೆಲಸ? ಏಳಿ, ಶುಕ್ರವಾರ ನಮ್ಮ ಸಭೇಲಿ ಸ್ಟೇಜ್ ಮೇಲೆ ಕೂರಿ" ಎಂದ.

ಬುಡನ್ ಸಾಬ್ ಅವನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. "ಅರೇ, ನಲವತ್ ವರ್ಷ ನನ್ ಒಟ್ಟೆ ನನ್ದೇ ಆಗಿತ್ತು, ಯಾವ್ ಕೌಮೂ ಕೇಳ್ನಿಲ್ಲ. ಇವತ್ತು ನನ್ ಮಾನ ಮಾತ್ರ ಕೌಮಿಂದಾ? ನಾನ್ ಕಾಯ್ತಾ ಇರೋದು ಕೋದಂಡಪ್ಪನ್ನ. ನೀವ್ ಓಗಿ."

ಇಕ್ರಾಮುಲ್ಲಾ ಹೋಗುವ ಮುಂಚೆ, ಒಬ್ಬಂಟಿಯಾಗಿ ಬೆಂಚಿನ ಮೇಲೆ ಕೂತ ಮುದುಕನ ಫೋಟೊವನ್ನು ಎರಡು ಕೋನದಿಂದ ತೆಗೆದುಕೊಂಡ. ಅವನಿಗೆ ಬೇಕಾದದ್ದು ಸಿಕ್ಕಿತು.

ಹನ್ನೆರಡೂವರೆಗೆ ಕಾಂತರಾಜನ ತಾಳ್ಮೆ ತೀರಿತು. ಟಗರಿನ ಕಿವಿ ಹಿಡಿದು ಅದರೊಳಕ್ಕೇ ನೀರು ಬಿಟ್ಟ. ಕಿವಿಯಲ್ಲಿ ನೀರು ಹೋದರೆ ಯಾವ ಪ್ರಾಣಿ ಸುಮ್ಮನಿರುತ್ತದೆ? ತಲೆ ಕೊಡವಿತು. "ಒದ್ರುತು, ಒದ್ರುತು!" ಎಂದು ಹುಡುಗರು ಕೂಗಿದರು. "ತಲೆ ಒದ್ರಿದ್ರೆ ಲೆಕ್ಕಕ್ಕಿಲ್ಲ ಕಣ್ರಪ್ಪಾ, ಮೈ ಒದ್ರಬೇಕು" ಎಂದು ಮುನಿಯಪ್ಪ ಅಂಗಲಾಚಿದ. ಕೇಳುವವರಾರು? ಕಾಂತರಾಜ್ ಮಚ್ಚು ಎತ್ತಿದ. ಹೊಸ ಮಚ್ಚು, ಅಂಗಡಿಯ ಚೀಟಿ ಇನ್ನೂ ಹಿಡಿಗೆ ಅಂಟಿಕೊಂಡಿತ್ತು. ಹುಟ್ಟಿದಾಗಿನಿಂದ ಕೋಳಿಯನ್ನೂ ಕೊಯ್ಯದ ಕೈ, ಕಣ್ಣು ಬೇರೆ ಕ್ಯಾಮೆರಾದ ಮೇಲೆ. ಏಟು ಕುತ್ತಿಗೆಗೆ ಬೀಳದೆ ಭುಜಕ್ಕೆ ಬಿತ್ತು. ಟಗರು ಹಗ್ಗ ಕಿತ್ತುಕೊಂಡು, ಅರ್ಧ ಸೀಳಿದ ಭುಜವನ್ನು ಎಳೆದುಕೊಂಡು, ಕುರ್ಚಿಗಳ ನಡುವೆ ನುಗ್ಗಿ ಓಡಿತು. ಧರ್ಮರಕ್ಷಕರು ದಿಕ್ಕಾಪಾಲಾದರು. ಕಾಂತರಾಜನ ಬಿಳಿ ಪಂಚೆಗೆ ರಕ್ತ ಹಾರಿತ್ತು. ಅದನ್ನು ನೋಡಿ ಅವನು ಗುಡಿಯ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ.

ಟಗರು ವೆಂಕಟರತ್ನಮ್ಮನ ಹಿತ್ತಿಲಲ್ಲಿ ಹೋಗಿ ಬಿತ್ತು. ವೆಂಕಟರತ್ನಮ್ಮ ಕೂಲಿನಾಲಿ ಮಾಡಿ ಬದುಕುವ ವಿಧವೆ. ಬಿದ್ದ ಪ್ರಾಣಿ ಕಾಲು ಕೆರೆಯುತ್ತ ಅರಚುವುದನ್ನು ಕೇಳಲಾರದೆ ಬೀದಿಗೆ ಬಂದಳು.

"ಗಂಡಸ್ರು ಯಾರಾದ್ರೂ ಇದ್ದೀರೇನ್ಲಾ ಈ ಊರಲ್ಲಿ? ಅದಕ್ಕೊಂದ್ ದಾರಿ ಮಾಡ್ರೋ!"

ಯಾರೂ ಮುಂದೆ ಬರಲಿಲ್ಲ. ಊರಿನಲ್ಲಿ ಹರಕೆಯ ಕುರಿ ಕಡಿಯುವ ಆಂಜಿನಪ್ಪ, ಅಮ್ಮ ಒಪ್ಪದ ಕುರಿ ನಾನು ಮುಟ್ಟೆ ಎಂದು ಬಾಗಿಲು ಹಾಕಿಕೊಂಡ. ವೆಂಕಟರತ್ನಮ್ಮ ನೆಟ್ಟಗೆ ತಂಗುದಾಣಕ್ಕೆ ಹೋಗಿ ಬುಡನ್ ಸಾಬರ ಮುಂದೆ ನಿಂತಳು. "ರಾ ಸಾಬಯ್ಯಾ, ರಾ. ಅದರ ಕಷ್ಟ ನೋಡಕ್ಕಾಗಲ್ಲ" ಎಂದು ತೆಲುಗು ಬೆರೆಸಿ ಕರೆದಳು.

ಬುಡನ್ ಸಾಬ್ ಎದ್ದರು. ಬ್ಯಾನರಿನ ಕೆಳಗೆ ಹಾದು ಬಂದು ಕೋದಂಡಪ್ಪನ ಎದುರು ನಿಂತರು. ಇಡೀ ಊರು ಸುತ್ತ ಇತ್ತು, ನಾನೂ ಇದ್ದೆ. ಹುಡುಗರ ಫೋನುಗಳು ಮತ್ತೆ ಮೇಲೆದ್ದವು.

"ಕೋದಂಡಪ್ಪಾ, ಒಂದ್ ಮಾತು ಏಳು. ಬಾ ಸಾಬಿ ಅನ್ನು. ಇಲ್ಲಾ ಓಗು ಅನ್ನು" ಎಂದರು.

ಕೋದಂಡಪ್ಪ ಫೋನುಗಳನ್ನು ನೋಡಿದ, ವಾಂತಿ ಒರೆಸಿಕೊಳ್ಳುತ್ತಿದ್ದ ಕಾಂತರಾಜನನ್ನು ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ಎಪ್ಪತ್ತು ಮನೆಯವರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ವರ್ಷತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ ನಮ್ಮ ಕಡೆ ಉಂಟು. ನಾವು ಅವತ್ತು ಮಾಡಿದ್ದು ಇದು. ಹಿತ್ತಿಲಿನಿಂದ ಟಗರು ಅರಚುತ್ತಲೇ ಇತ್ತು.

ಬುಡನ್ ಸಾಬ್ ಇನ್ನು ಕಾಯಲಿಲ್ಲ. ಹಿತ್ತಿಲಿಗೆ ಹೋಗಿ ಮಂಡಿಯೂರಿ, ಬಾಯಿಗೆ ನೀರು ಬಿಟ್ಟು, ಕಣ್ಣು ಮುಚ್ಚಿ, ಕುತ್ತಿಗೆ ನೇವರಿಸಿ, ಒಂದು ನಿಮಿಷದಲ್ಲಿ ಅದರ ಸಂಕಟ ಮುಗಿಸಿದರು. ಕತ್ತಿ ತೊಳೆದರು. ತಲೆ ಬೇಕೆನ್ನಲಿಲ್ಲ, ಚರ್ಮ ಬೇಕೆನ್ನಲಿಲ್ಲ. ಬಸ್ಸಿಗೆ ಹೋಗಿ ನಿಂತರು. ಉಪವಾಸದ ಬಾಯಿ ಬಿಳಿಚಿಕೊಂಡಿತ್ತು.

ಅಮ್ಮ ಒಪ್ಪದ ಕುರಿಯೆಂದು ನಾವ್ಯಾರೂ ಅದನ್ನು ತಿನ್ನಲಿಲ್ಲ, ಕೆರೆಯಂಗಳದಲ್ಲಿ ಹೂತೆವು. ಫೋನುಗಳಲ್ಲಿ ಅದನ್ನು ಕಿತ್ತು ತಿಂದವರು ಬೇರೆಯವರು. ಸಾಬಿ ಹಿಂದೂಗಳ ಹರಕೆಯ ಕುರಿ ಕಸಿದು ಹಲಾಲ್ ಮಾಡಿದ ಎಂದು ಕಾಂತರಾಜನ ಹುಡುಗರ ವಿಡಿಯೊ. ಉಪವಾಸದ ಮುದುಕನಿಂದ ಬಲವಂತವಾಗಿ ದೇವಿಯ ಬಲಿ ಕೊಡಿಸಿದರು ಎಂದು, ಅದನ್ನೇ ತಿರುಚಿದ ಇಕ್ರಾಮುಲ್ಲಾನ ವಿಡಿಯೊ. ಎರಡರಲ್ಲೂ ಕೋದಂಡಪ್ಪ ಚಪ್ಪಲಿ ನೋಡಿಕೊಂಡ ಭಾಗವನ್ನು ಕತ್ತರಿಸಿದ್ದರು. ಕಾಂತರಾಜ್‌ಗೆ ಪಕ್ಷದಲ್ಲಿ ತಾಲ್ಲೂಕಿನ ಪದವಿ ಸಿಕ್ಕಿತು. ಇಕ್ರಾಮುಲ್ಲಾ ಯಾವುದೋ ಸಮಿತಿಗೆ ಸದಸ್ಯನಾದ. ಮುಂದೆ ಒಂದು ಮದುವೆಯಲ್ಲಿ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಬಿರಿಯಾನಿ ತಿನ್ನುವುದನ್ನು ಕಂಡೆ. ಯಾರು ಕೊಯ್ದದ್ದು ಎಂದು ಇಬ್ಬರೂ ಕೇಳಲಿಲ್ಲ. ನವನೀತನಿಗೆ ಕೆಲಸವೂ ಸಿಗಲಿಲ್ಲ.

ಮರುವರ್ಷ ಹಲಾಲಿನ ಮಾತು ತಣ್ಣಗಾಗಿ ಬೇರೆ ಗುಮ್ಮ ಬಂದಿತ್ತು. ಯುಗಾದಿಗೆ ಒಂದು ವಾರ ಇರುವಾಗ ಕೋದಂಡಪ್ಪ ನನ್ನನ್ನು ಕರೆದುಕೊಂಡು ಬುಡನ್ ಸಾಬರ ಮನೆಗೆ ಹೋದ. ಅವರು ಚಾಪೆ ಹಾಕಿದರು, ಚಹಾ ಕೊಟ್ಟರು, ಮಳೆಬೆಳೆ ವಿಚಾರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ಕಂಡು ಕೋದಂಡಪ್ಪನಿಗೆ ಧೈರ್ಯ ಬಂತು.

"ಬಾರಯ್ಯಾ ಸಾಬಿ, ತೊಡಕಿಗೆ. ಅವತ್ತು ಏನೋ ಆಗೋಯ್ತು, ಮರ್ತುಬಿಡು. ಅವತ್ತೂ ನೀನೇ ತಾನೇ ಬಂದು ಊರಿನ ಮರ್ಯಾದೆ ಉಳಿಸ್ದೋನು" ಎಂದ.

"ಅವತ್ ನಾನ್ ಬಂದಿದ್ದು ಕುರಿಗೆ ಕೋದಂಡಪ್ಪಾ, ಊರಿಗಲ್ಲ" ಎಂದರು ಬುಡನ್ ಸಾಬ್. "ಕುರಿ ಬಾಯ್ಬಿಟ್ಟು ಕರೀತು, ಬಂದೆ. ಆಯಮ್ಮ ಕರ್ದಿದ್ದೂ ಕುರಿಗೇಯ. ನೀವ್ಯಾರೂ ಕರೀನಿಲ್ಲ."

ಆಮೇಲೆ ನನ್ನ ಲೋಟ ಖಾಲಿಯಾದದ್ದು ನೋಡಿ, ಇನ್ನೊಂದು ಅರ್ಧ ಲೋಟ ಹಾಕಲೇ ಎಂದು ಕೇಳಿದರು. ಬೇಡ ಎಂದೆ. ಹಿಂದಿನ ವರ್ಷ ಫೋನಿನಲ್ಲಿ ಬಾರದ ಆ ಒಂದು ಪದ ಈಗ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು.